ಯಾವ ಘಾಟಿ ಇಳಿಯುವುದು? ಭಾರದ ಲಾರಿ, ಕರಾವಳಿಯ ದಾರಿ ಮತ್ತು ಬೋರ್ಡಿನ ಮೇಲೆ ಇಲ್ಲದ ಲೆಕ್ಕ

2024ರ ಜುಲೈ ತಿಂಗಳ ಎರಡು ವಾರಗಳನ್ನು ನೆನಪಿಸಿಕೊಳ್ಳಿ. 16ನೇ ತಾರೀಖು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಚಹಾ ಕುಡಿಯಲು ರಸ್ತೆ ಬದಿ ನಿಲ್ಲಿಸಿದ್ದ ಗಾಡಿಗಳು ಗಂಗಾವಳಿ ನದಿಯ ಪಾಲಾದವು. ಅದೇ ವಾರ ಶಿರಾಡಿ ಘಾಟಿಯ ದೊಡ್ಡತಪ್ಪಲೆಯಲ್ಲಿ ಮಣ್ಣು ರಸ್ತೆಗೆ ಇಳಿಯಿತು. ಮಡಿಕೇರಿ ಹತ್ತಿರ ಕರ್ತೋಜಿಯಲ್ಲಿ ಗುಡ್ಡ ಉಬ್ಬಿತೆಂದು ಸಂಪಾಜೆ ದಾರಿಯಲ್ಲಿ ರಾತ್ರಿ ಸಂಚಾರ ನಿಲ್ಲಿಸಿದರು. 26ಕ್ಕೆ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದಲ್ಲಿ, ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ, ಹಳಿಯ ಕೆಳಗಿನ ಮಣ್ಣೇ ಜಾರಿತು. ಕರಾವಳಿಗೂ ಬಯಲುಸೀಮೆಗೂ ನಡುವೆ ನಾವು ನಂಬಿಕೊಂಡ ದಾರಿಗಳೆಲ್ಲ ಹದಿನೈದು ದಿನದೊಳಗೆ ಒಂದೊಂದಾಗಿ ಕೈಕೊಟ್ಟವು.

ಆ ದಿನಗಳಲ್ಲಿ ಹಾಸನದ ಬೈಪಾಸ್‌ನಲ್ಲಿ ಲಾರಿ ನಿಲ್ಲಿಸಿಕೊಂಡ ಒಬ್ಬ ಡ್ರೈವರ್‌ನ ಜಾಗದಲ್ಲಿ ನಿಂತು ನೋಡಿ. ಗಾಡಿ, ಲೋಡ್ ಎರಡೂ ಸೇರಿ 40 ಟನ್. ಹೋಗಬೇಕಾದ್ದು ಪಣಂಬೂರಿನ ಬಂದರಿಗೆ. ಶಿರಾಡಿ ಬಂದ್. ಫೋನಿನ ಮ್ಯಾಪ್ ಬೇರೆ ದಾರಿ ತೋರಿಸುತ್ತದೆ. ಆದರೆ ಆ ಮ್ಯಾಪ್‌ಗೆ ಕಾರು ಯಾವುದು, 14 ಚಕ್ರದ ಲಾರಿ ಯಾವುದು ಅನ್ನುವ ವ್ಯತ್ಯಾಸ ಗೊತ್ತಿಲ್ಲ. ಎಷ್ಟು ಕಿಲೋಮೀಟರ್, ಎಷ್ಟು ಗಂಟೆ ಅಂತ ಹೇಳುತ್ತದೆ. ಎಷ್ಟು ಇಳಿಜಾರು, ತಿರುವು ಎಷ್ಟು ಅಗಲ, ಬ್ರೇಕ್ ತಣಿಸಿಕೊಳ್ಳಲು ಜಾಗ ಎಲ್ಲಿದೆ ಅಂತ ಹೇಳುವುದಿಲ್ಲ. ಭಾರದ ಗಾಡಿಗೆ ದಾರಿ ಆರಿಸುವುದು ದೂರ ನೋಡಿ ಅಲ್ಲ, ಇಳಿಜಾರು ನೋಡಿ. ಆ ಮಾಹಿತಿಯನ್ನು ನಾವು ಡ್ರೈವರ್‌ಗೆ ಕೊಡುತ್ತಿಲ್ಲ. ಗಾಡಿ ಮಗುಚಿದ ದಿನ ಮಾತ್ರ ತಪ್ಪೆಲ್ಲ ಅವನದೇ ಅನ್ನುತ್ತೇವೆ. ಈ ಲೇಖನ ಬರೆಯಲು ಕೂತದ್ದೇ ಅದಕ್ಕೆ.

ಮೊದಲು ನೆಲದ ಲೆಕ್ಕ. ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಕೆಳಗೆ ಗುಂಡ್ಯ ತಲುಪುವ ಹೊತ್ತಿಗೆ ಸುಮಾರು 800 ಮೀಟರ್ ಇಳಿದಿರುತ್ತೀರಿ. ಇಳಿಯಲೇಬೇಕಾದ ಈ ಎತ್ತರವನ್ನು ಯಾವ ಎಂಜಿನಿಯರೂ ಕಡಿಮೆ ಮಾಡಲಾರ. ಎಷ್ಟು ದೂರದಲ್ಲಿ ಇಳಿಸುವುದು ಅನ್ನುವುದಷ್ಟೇ ಅವನ ಕೈಲಿದೆ. ಶಿರಾಡಿ ಕೆಂಪುಹೊಳೆಯ ಕಣಿವೆ ಹಿಡಿದು ನಿಧಾನಕ್ಕೆ ಇಳಿಯುತ್ತದೆ. ಆಗುಂಬೆ ಹಾಗಲ್ಲ. 500 ಮೀಟರಿಗೂ ಜಾಸ್ತಿ ಎತ್ತರವನ್ನು 14 ಹೇರ್‌ಪಿನ್ ತಿರುವುಗಳಲ್ಲಿ, ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಮುಗಿಸಿಬಿಡುತ್ತದೆ. ಹಾಗಾಗಿ ಅಲ್ಲಿಗೆ ಭಾರದ ಲಾರಿ ಬಿಡುವುದಿಲ್ಲ. ಚಾರ್ಮಾಡಿ ಇವೆರಡರ ನಡುವಿನದು. ಕೊಟ್ಟಿಗೆಹಾರದಿಂದ ಇಳಿಯುವಾಗ ಮೊದಲು ಅಷ್ಟೇನೂ ಅನ್ನಿಸುವುದಿಲ್ಲ. ಆಮೇಲೆ ಒಂದರ ಹಿಂದೊಂದು ತಿರುವು ಬರುತ್ತಲೇ ಇರುತ್ತವೆ.

ಸರಾಸರಿ ಇಳಿಜಾರು ಅನ್ನುವ ಅಂಕಿಯನ್ನು ನಂಬಬೇಡಿ. 30 ಕಿಲೋಮೀಟರಿನಲ್ಲಿ 800 ಮೀಟರ್ ಅಂದರೆ ನೂರಕ್ಕೆ ಮೂರೂ ಇಲ್ಲ, ಏನೂ ಅಲ್ಲ ಅನ್ನಿಸುತ್ತದೆ. ಆದರೆ ರಸ್ತೆ ಸಮನಾಗಿ ಇಳಿಯುವುದಿಲ್ಲ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಎರಡು ಕಿಲೋಮೀಟರ್ ಒಂದೇ ಸಮನೆ ಜಾರು. ಬ್ರೇಕ್ ಸೋಲುವುದು ಆ ಎರಡು ಕಿಲೋಮೀಟರಿನಲ್ಲಿ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಬೆಟ್ಟದ ರಸ್ತೆಗೆ ಹೇಳುವ ಸಾಮಾನ್ಯ ಇಳಿಜಾರು 20ಕ್ಕೆ 1, ಅಂದರೆ 20 ಮೀಟರ್ ಸಾಗಿದರೆ 1 ಮೀಟರ್ ಇಳಿತ. ಬೇರೆ ಗತಿಯೇ ಇಲ್ಲದ ಕಡೆ, ಅದೂ ಚಿಕ್ಕ ಉದ್ದಕ್ಕೆ ಮಾತ್ರ, 14ಕ್ಕೆ 1ರ ತನಕ ಹೋಗಬಹುದು. ಹೇರ್‌ಪಿನ್ ತಿರುವಿನ ಒಳಗೆ ಇಳಿಜಾರು 40ಕ್ಕೆ 1 ದಾಟಬಾರದು, ಒಳಬದಿಯ ತ್ರಿಜ್ಯ ಕನಿಷ್ಠ 14 ಮೀಟರ್ ಇರಬೇಕು. ನಮ್ಮ ಹಳೆಯ ಘಾಟಿಗಳು ಇದಕ್ಕೂ ಹಿಂದಿನವು. ಎತ್ತಿನ ಗಾಡಿಗೆ ಹಾಕಿದ ಜಾಡನ್ನೇ ಅಗಲ ಮಾಡುತ್ತಾ ಬಂದ ಜಾಗಗಳಲ್ಲಿ ಈ 14 ಮೀಟರ್ ಎಲ್ಲಿ ಸಿಗಬೇಕು?

ಈಗ ಶಕ್ತಿಯ ಲೆಕ್ಕ. ಇದನ್ನು ಪ್ರತಿ ಡ್ರೈವಿಂಗ್ ಸ್ಕೂಲಿನಲ್ಲೂ ಬಾಯಿಪಾಠ ಮಾಡಿಸಬೇಕು ಅಂತ ನನಗೆ ಅನ್ನಿಸುತ್ತದೆ. 40 ಟನ್ ಗಾಡಿ 800 ಮೀಟರ್ ಕೆಳಗೆ ಇಳಿದರೆ, ಎತ್ತರದಿಂದ ಬಿಡುಗಡೆಯಾಗುವ ಶಕ್ತಿ ಸುಮಾರು 31 ಕೋಟಿ ಜೂಲ್. ಮನೆ ಮಾತಲ್ಲಿ ಹೇಳಬೇಕೆಂದರೆ, 1000 ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು ಶಾಖ. ಟೈರ್ ಉರುಳುವಾಗ, ಗಾಳಿಗೆ ಎದುರಾಗಿ ಹೋಗುವಾಗ ಅದರಲ್ಲಿ ಒಂದು ಪಾಲು ಕಳೆಯುತ್ತದೆ. ಉಳಿದದ್ದನ್ನು ನುಂಗಲು ಇರುವುದು ಎರಡೇ: ಗೇರ್‌ನಲ್ಲಿ ಹಿಡಿದಿಟ್ಟ ಇಂಜಿನ್ ಮತ್ತು ಚಕ್ರದ ಬ್ರೇಕ್ ಡ್ರಮ್. ಇಂಜಿನ್ ಕೆಲಸ ಮಾಡದಿದ್ದರೆ ಎಲ್ಲ ಭಾರ ಡ್ರಮ್ ಮೇಲೆ. ಡ್ರಮ್ ಕಾಯುತ್ತದೆ, ಹಿಗ್ಗುತ್ತದೆ, ಒಳಗಿನಿಂದ ಉಜ್ಜಿ ಅದನ್ನು ಹಿಡಿಯುವ ಲೈನರ್‌ನಿಂದ ದೂರ ಸರಿಯುತ್ತದೆ. ಲೈನರ್ ಕೂಡ ಬಿಸಿಗೆ ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬರುವ ಹೊತ್ತಿಗೆ ಅರ್ಧ ಕೆಲಸ ಕೆಟ್ಟಿರುತ್ತದೆ. ಡ್ರೈವರ್ ಗಾಬರಿಯಿಂದ ಪೆಡಲ್ ಮೇಲೆ ಮೇಲೆ ತುಳಿಯುತ್ತಾನೆ, ಬ್ರೇಕ್ ಒತ್ತುವ ಟ್ಯಾಂಕಿನ ಏರ್ ಇಳಿಯುತ್ತದೆ. ಆಮೇಲೆ ಗಾಡಿ ಯಾರ ಮಾತೂ ಕೇಳುವುದಿಲ್ಲ.

ಹಳೆಯ ಡ್ರೈವರ್‌ಗಳು ಹೊಸಬರಿಗೆ ಹೇಳಿಕೊಡುವ ಒಂದು ಪಾಠವಿದೆ: ಯಾವ ಗೇರ್‌ನಲ್ಲಿ ಹತ್ತುತ್ತೀಯೋ ಅದೇ ಗೇರ್‌ನಲ್ಲಿ ಇಳಿ. ಒಳ್ಳೆಯ ಪಾಠ. ಆದರೆ ಅದು ಹಳೆಯ ಇಂಜಿನ್‌ಗಳ ಕಾಲದ್ದು. ಆಗ ಲಾರಿಗಳಿಗೆ ನೂರು–ನೂರೈವತ್ತು ಅಶ್ವಶಕ್ತಿ ಇತ್ತು, ಘಾಟಿ ಹತ್ತಲು ಎರಡನೇ ಗೇರ್ ಬೇಕೇ ಬೇಕಿತ್ತು. ಈಗಿನ ದೊಡ್ಡ ಲಾರಿಗಳಲ್ಲಿ 250 ಅಶ್ವಶಕ್ತಿ ಮಾಮೂಲಿ. ಅದೇ ಏರನ್ನು ಮೇಲಿನ ಗೇರ್‌ನಲ್ಲೇ ಸಲೀಸಾಗಿ ಹತ್ತುತ್ತವೆ. ಹತ್ತಿದ ಗೇರ್‌ನಲ್ಲೇ ಇಳಿದರೆ ಇಂಜಿನ್ ಹಿಡಿತ ಸಾಕಾಗುವುದಿಲ್ಲ. ಇವತ್ತಿನ ಗಾಡಿಯನ್ನು ಹತ್ತಿದ್ದಕ್ಕಿಂತ ಒಂದು ಗೇರ್ ಕೆಳಗೆ ಹಾಕಿ ಇಳಿಸಬೇಕು. ಇಳಿಜಾರು ಶುರುವಾಗುವ ಮೊದಲೇ ಹಾಕಬೇಕು, ಯಾಕೆಂದರೆ ಗಾಡಿ ಓಟಕ್ಕೆ ಬಿದ್ದ ಮೇಲೆ ಕೆಳಗಿನ ಗೇರ್ ಕೂರುವುದಿಲ್ಲ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವ ಬದಲು, ಗಟ್ಟಿಯಾಗಿ ತುಳಿದು ವೇಗ ಏಳೆಂಟು ಕಿಲೋಮೀಟರ್ ಇಳಿಸಿ ಪೂರ್ತಿ ಬಿಡಬೇಕು. ಮತ್ತೆ ಏರಿದಾಗ ಮತ್ತೆ ತುಳಿಯಬೇಕು. ಆ ನಡುವಿನ ಹೊತ್ತಿನಲ್ಲಿ ಡ್ರಮ್ ಸ್ವಲ್ಪ ಉಸಿರಾಡುತ್ತದೆ.

ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವ ಚಾಳಿಯ ಬಗ್ಗೆಯೂ ಹೇಳಲೇಬೇಕು. ಬೆಂಗಳೂರಿಂದ ಸೇಲಂಗೆ ಹೋಗುವವರಿಗೆ ಧರ್ಮಪುರಿ ದಾಟಿದ ಮೇಲಿನ ತೊಪ್ಪೂರು ಘಾಟಿ ಗೊತ್ತಿರುತ್ತದೆ. ಅಗಲವಾದ ನಾಲ್ಕು ಪಥದ ರಸ್ತೆ, ಹೇರ್‌ಪಿನ್ ಇಲ್ಲ. ನೋಡಿದರೆ ಹೆದರಿಕೆಯೇ ಆಗುವುದಿಲ್ಲ. ಆದರೂ ವರ್ಷ ವರ್ಷ ಅಲ್ಲಿ ಲಾರಿಗಳು ಬ್ರೇಕ್ ಸೋತು ಮುಂದಿನ ಗಾಡಿಗಳ ಮೇಲೆ ನುಗ್ಗಿವೆ. ಹೆದರಿಸುವ ರಸ್ತೆಯಲ್ಲಿ ಡ್ರೈವರ್ ಗೇರ್ ಇಳಿಸುತ್ತಾನೆ, ಹೆದರಿಸದ ರಸ್ತೆಯಲ್ಲಿ ನ್ಯೂಟ್ರಲ್ ಹಾಕುತ್ತಾನೆ. ಬೇಜಾರಿನ ಸಂಗತಿ ಏನೆಂದರೆ, ಈಗಿನ ಇಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನವೇ ಹೋಗುವುದಿಲ್ಲ. ನ್ಯೂಟ್ರಲ್‌ನಲ್ಲಿದ್ದರೆ ಇಂಜಿನ್ ಸುಮ್ನೆ ತಿರುಗಲಿಕ್ಕೇ ಡೀಸೆಲ್ ಸುಡುತ್ತದೆ. ಉಳಿತಾಯವೇ ಇಲ್ಲದ ಒಂದು ಉಳಿತಾಯಕ್ಕೆ ಜೀವ ಒತ್ತೆ ಇಡುತ್ತಿದ್ದಾರೆ.

ಈ ಲೆಕ್ಕ ಕೈಯಲ್ಲಿಟ್ಟುಕೊಂಡು ದಾರಿಗಳನ್ನು ನೋಡೋಣ.

ಹಾಸನ, ಬೆಂಗಳೂರು ಕಡೆಯ ಭಾರದ ಲಾರಿಗೆ ಶಿರಾಡಿಯೇ ಮೊದಲ ಆಯ್ಕೆ, ಅದರಲ್ಲಿ ಅನುಮಾನವಿಲ್ಲ. ಬೆಂಗಳೂರಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಘಾಟಿಯ ಸುಮಾರು 26 ಕಿಲೋಮೀಟರ್ ಕಾಂಕ್ರೀಟ್ ಆಗಿದೆ. ಆ ಕೆಲಸಕ್ಕೆ 2015ರಲ್ಲಿ ಏಳು ತಿಂಗಳು, 2018ರಲ್ಲಿ ಆರು ತಿಂಗಳ ಹತ್ತಿರ ರಸ್ತೆ ಮುಚ್ಚಿದ್ದರು. ಗುಂಡಿಗಳಲ್ಲಿ ಆಕ್ಸಲ್ ಮುರಿದುಕೊಂಡು ರಾತ್ರಿಯೆಲ್ಲ ನಿಲ್ಲುತ್ತಿದ್ದ ಲಾರಿಗಳನ್ನು ಕಂಡವರಿಗೆ ಆ ಕಾಂಕ್ರೀಟ್ ಎಷ್ಟು ದೊಡ್ಡ ಉಪಕಾರ ಅಂತ ಗೊತ್ತು. ಆದರೆ 2018ರ ಜುಲೈನಲ್ಲಿ ರಸ್ತೆ ತೆರೆದು ತಿಂಗಳು ಕಳೆಯುವಷ್ಟರಲ್ಲಿ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮತ್ತೆ ಮುಚ್ಚಿತು. 2021ರಲ್ಲಿ ದೋಣಿಗಾಲ್ ಹತ್ತಿರ ರಸ್ತೆಯೇ ಕುಸಿಯಿತು, 2022ರಲ್ಲಿ ಅಲ್ಲೇ ಮತ್ತೆ. ಕಾಂಕ್ರೀಟ್ ಗಟ್ಟಿಯಾಗಿದೆ, ಅದರ ಕೆಳಗಿನ ಮತ್ತು ಪಕ್ಕದ ಮಣ್ಣು ಗಟ್ಟಿಯಾಗಿಲ್ಲ. ಹಾಸನದಿಂದ ಮಾರನಹಳ್ಳಿವರೆಗಿನ 45 ಕಿಲೋಮೀಟರ್ ನಾಲ್ಕು ಪಥದ ಕೆಲಸದಲ್ಲಿ ಗುಡ್ಡವನ್ನು ಗೋಡೆಯ ಹಾಗೆ ನೇರ ಕಡಿದರು. ಮೆಟ್ಟಿಲು ಮೆಟ್ಟಿಲಾಗಿ ಕಡಿದು, ನೀರು ಇಳಿಯಲು ದಾರಿ ಕೊಟ್ಟಿದ್ದರೆ ಖರ್ಚು ಜಾಸ್ತಿ, ಜಾಗವೂ ಜಾಸ್ತಿ ಬೇಕಿತ್ತು. ಆ ಉಳಿತಾಯದ ಬಿಲ್ಲನ್ನು ಈಗ ಪ್ರತಿ ಮಳೆಗಾಲದಲ್ಲೂ ಕಟ್ಟುತ್ತಿದ್ದೇವೆ.

ಸಂಪಾಜೆ ಎರಡನೆಯದು. ಮೈಸೂರು, ಕುಶಾಲನಗರ, ಮಡಿಕೇರಿ ದಾಟಿ ಸುಳ್ಯಕ್ಕೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275. ದೂರ ಶಿರಾಡಿಗಿಂತ ಅಷ್ಟೇನೂ ಜಾಸ್ತಿ ಇಲ್ಲ. ಆದರೆ ಮಡಿಕೇರಿ ಇರುವುದು 1,150 ಮೀಟರ್ ಆಸುಪಾಸಿನಲ್ಲಿ. ಅಂದರೆ ಸಕಲೇಶಪುರಕ್ಕಿಂತ 200 ಮೀಟರ್ ಹೆಚ್ಚು ಹತ್ತಿ, 200 ಮೀಟರ್ ಹೆಚ್ಚು ಇಳಿಯಬೇಕು. 40 ಟನ್ ಗಾಡಿ 800 ಮೀಟರ್ ಹತ್ತಲು, ಬರೀ ಎತ್ತರಕ್ಕೆಂದೇ, ಸುಮಾರು 25 ಲೀಟರ್ ಡೀಸೆಲ್ ಬೇಡುತ್ತದೆ ಅಂತ ಲೆಕ್ಕ ಹಾಕಬಹುದು. ಈ ಹೆಚ್ಚಿನ 200 ಮೀಟರಿಗೆ ಇನ್ನೊಂದು ಆರೇಳು ಲೀಟರ್. ಅದಕ್ಕಿಂತ ದೊಡ್ಡ ಚಿಂತೆ ಬ್ರೇಕಿನದು, ಯಾಕೆಂದರೆ ಇಳಿಯುವಾಗ ಕರಗಿಸಬೇಕಾದ ಶಾಖ ಕಾಲು ಭಾಗ ಜಾಸ್ತಿಯಾಯಿತು. ಜೊತೆಗೆ 2018ರಲ್ಲಿ ಮದೆನಾಡು, ಜೋಡುಪಾಲದ ಸುತ್ತ ಬೆಟ್ಟಗಳೇ ಹರಿದು ಬಂದದ್ದನ್ನು ನಾವು ಕಂಡಿದ್ದೇವೆ. ಆ ನೆಲಕ್ಕೆ ಹಳೆಯ ಗಟ್ಟಿತನ ಮರಳಿ ಬಂದಿದೆ ಅಂತ ನಂಬಿ 40 ಟನ್ ಗಾಡಿಗಳ ಸಾಲು ಹೊರಡಿಸುವುದು ನನಗೆ ಸರಿ ಕಾಣುವುದಿಲ್ಲ. ಮಳೆಗಾಲದಲ್ಲಿ ಕೊಡಗಿನ ಆಡಳಿತ ಮರದ ಲಾರಿ, ಮರಳು ಲಾರಿ, ಮಲ್ಟಿ ಆಕ್ಸಲ್ ಗಾಡಿಗಳನ್ನು ತಡೆದಾಗ ಟ್ರಾನ್ಸ್‌ಪೋರ್ಟ್‌ನವರು ಗೊಣಗುತ್ತಾರೆ. ಈ ವಿಷಯದಲ್ಲಿ ನಾನು ಆಡಳಿತದ ಕಡೆ.

ಚಾರ್ಮಾಡಿಯ ಸಮಸ್ಯೆ ಬೇರೆ. ಅಲ್ಲಿ ತೂಕಕ್ಕಿಂತ ಉದ್ದ ತೊಂದರೆ ಕೊಡುತ್ತದೆ. 40 ಅಡಿ ಕಂಟೇನರ್ ಹೊತ್ತ ಟ್ರೇಲರ್ 15–16 ಮೀಟರ್ ಉದ್ದ. ಮುಂದಿನ ಚಕ್ರ ಹೋದ ಜಾಡಿನಲ್ಲಿ ಹಿಂದಿನ ಚಕ್ರ ಬರುವುದಿಲ್ಲ, ಒಳಕ್ಕೆ ಕಡಿದುಕೊಂಡು ಬರುತ್ತದೆ. ಹೇರ್‌ಪಿನ್‌ನಲ್ಲಿ ಅದು ಚರಂಡಿಗೆ ಇಳಿಯುತ್ತದೆ, ಇಲ್ಲವೇ ತಡೆಗೋಡೆಗೆ ತಾಗುತ್ತದೆ. ಒಂದು ಟ್ರೇಲರ್ ಸಿಕ್ಕಿಕೊಂಡರೆ ಎರಡೂ ಕಡೆ ಕಿಲೋಮೀಟರ್‌ಗಟ್ಟಲೆ ಸಾಲು. ಮೂಡಿಗೆರೆ ಕಡೆಯಿಂದ ಮಂಗಳೂರಿನ ಆಸ್ಪತ್ರೆಗಳಿಗೆ ರೋಗಿಗಳನ್ನು ಕರೆದೊಯ್ಯುವ ದಾರಿಯೂ ಅದೇ. ಆ ಸಾಲಿನಲ್ಲಿ ಆಂಬುಲೆನ್ಸ್ ಸಿಕ್ಕಿಬಿದ್ದರೆ ಏನು ಗತಿ? 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಹಲವು ಕಡೆ ಕುಸಿದ ಮೇಲೆ ದೊಡ್ಡ ಗಾಡಿಗಳನ್ನು ತಡೆದರು. ಶಿರಾಡಿ ಮುಚ್ಚಿದಾಗಲೆಲ್ಲ ಚಾರ್ಮಾಡಿ ಬಿಡಿ ಅನ್ನುವ ಒತ್ತಾಯ ಬರುತ್ತದೆ. ಕಾರು, ಬಸ್ಸು, ಆರು ಚಕ್ರದ ಲಾರಿಗೆ ಬಿಡಲಿ. ಟ್ರೇಲರ್‌ಗೆ ಬಿಟ್ಟರೆ ಅದೂ ಮುಚ್ಚುತ್ತದೆ, ಅಷ್ಟೇ.

ಶಿವಮೊಗ್ಗ ಕಡೆಯಿಂದ ಬರುವವರಿಗೆ ಹುಲಿಕಲ್–ಬಾಳೆಬರೆ ಘಾಟಿ ಇದೆ. ಹೊಸನಗರ, ಮಾಸ್ತಿಕಟ್ಟೆ ದಾಟಿ ಹೊಸಂಗಡಿ, ಸಿದ್ದಾಪುರ, ಕುಂದಾಪುರಕ್ಕೆ ಇಳಿಯುವ ರಾಜ್ಯ ಹೆದ್ದಾರಿ. ಉದ್ದ ಕಡಿಮೆ, ಕಡಿದು ಜಾಸ್ತಿ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಹುಲಿಕಲ್ ಒಂದು. ಮೇಲಿನ ಒಂದೆರಡು ತಿರುವುಗಳಲ್ಲಿ ಲೋಡಿನ ಲಾರಿ ಹತ್ತಲಾರದೆ ನಿಂತುಬಿಟ್ಟರೆ ಹಿಂದೆ ಬರುವವರಿಗೆ ದೇವರೇ ಗತಿ. ದಿನವೂ ಓಡಾಡುವ ಡ್ರೈವರ್‌ಗಳಿಗೆ ಅದು ಅಭ್ಯಾಸ. ಶಿರಾಡಿ ಮುಚ್ಚಿತೆಂದು ಮೊದಲ ಬಾರಿ, ರಾತ್ರಿ, ಮಂಜಿನಲ್ಲಿ ಆ ದಾರಿಗೆ ಬಂದವನಿಗೆ ಅಲ್ಲ.

ಉಳಿದದ್ದು ಹುಬ್ಬಳ್ಳಿ–ಯಲ್ಲಾಪುರ–ಅಂಕೋಲಾ ನಡುವಿನ ಅರಬೈಲ್ ಘಾಟಿ, ರಾಷ್ಟ್ರೀಯ ಹೆದ್ದಾರಿ 52. ಪಶ್ಚಿಮ ಘಟ್ಟ ಉತ್ತರ ಕನ್ನಡದಲ್ಲಿ ಕುಳ್ಳಾಗುತ್ತದೆ. ಯಲ್ಲಾಪುರ ಇರುವುದು 540 ಮೀಟರ್ ಸುಮಾರಿನಲ್ಲಿ. ಇಳಿಯಬೇಕಾದ ಎತ್ತರವೇ ಕಡಿಮೆ, ಹಾಗಾಗಿ ಕರಗಿಸಬೇಕಾದ ಶಾಖವೂ ಕಡಿಮೆ. ಬಳ್ಳಾರಿಯ ಅದಿರಿನ ಲಾರಿಗಳು ಸಾಲುಗಟ್ಟಿ ಬೇಲೆಕೇರಿ, ಕಾರವಾರಕ್ಕೆ ಇಳಿಯುತ್ತಿದ್ದುದು ಈ ದಾರಿಯಲ್ಲೇ. ಸರ್ಕಾರ 2010ರಲ್ಲಿ ಅದಿರು ರಫ್ತು ನಿಲ್ಲಿಸಿ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕುವ ತನಕ ಆ ರಸ್ತೆ ಅನುಭವಿಸಿದ್ದು ಅಷ್ಟಿಷ್ಟಲ್ಲ. ಎತ್ತರ ಕಡಿಮೆ ಅಂದಾಕ್ಷಣ ಅಪಾಯ ಇಲ್ಲ ಅಂತಲೂ ಅಲ್ಲ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ತರುತ್ತಿದ್ದ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರ ಹತ್ತಿರ ಉರುಳಿ ಹತ್ತು ಜನ ಸತ್ತರು. ಲೋಡಿನ ಮೇಲೆಯೇ ಕೂತು ಹೊರಟಿದ್ದ ಬಡ ವ್ಯಾಪಾರಿಗಳು ಅವರು.

ಬೆಂಗಳೂರಿನ ಲಾರಿ ಅರಬೈಲ್ ಸುತ್ತಿ ಮಂಗಳೂರಿಗೆ ಬಂದರೆ ದೂರ 750 ಕಿಲೋಮೀಟರ್ ದಾಟುತ್ತದೆ. ದುಪ್ಪಟ್ಟಿಗಿಂತ ಜಾಸ್ತಿ. ಯಾವ ಮಾಲೀಕ ಒಪ್ಪುತ್ತಾನೆ? ಬಾಡಿಗೆ ಮಾತಾಡಿದ್ದು 350 ಕಿಲೋಮೀಟರಿಗೆ. ಸರಕು ಸಾಗಿಸಲು ಜೊತೆಗಿರಬೇಕಾದ ಜಿಎಸ್‌ಟಿಯ ಇ-ವೇ ಬಿಲ್ ಬೇರೆ ಇದೆ, ಅದಕ್ಕೆ ಅವಧಿಯೂ ಇದೆ. ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನ ಅನ್ನುವ ಲೆಕ್ಕ, ಅಂದರೆ ಶಿರಾಡಿ ಲೆಕ್ಕದಲ್ಲಿ ಎರಡು ದಿನ. ಗುಡ್ಡ ಕುಸಿದು ಹಾಸನದಲ್ಲೇ ಎರಡು ದಿನ ನಿಂತರೆ ಬಿಲ್ ಸತ್ತುಹೋಗುತ್ತದೆ. ಅವಧಿ ಮುಗಿಯುವ ಎಂಟು ಗಂಟೆ ಮುಂಚೆಯಿಂದ, ಮುಗಿದ ಎಂಟು ಗಂಟೆ ನಂತರದವರೆಗೆ ವಿಸ್ತರಿಸಲು ಅವಕಾಶವಿದೆ. ಆದರೆ ಅದನ್ನು ಆಫೀಸಿನಲ್ಲಿ ಕೂತ ಯಾರೋ ನೆನಪಿಟ್ಟು ಮಾಡಬೇಕು. ಡ್ರೈವರ್ ಅದನ್ನೇ ಯೋಚಿಸುತ್ತಾ, ಸಿಕ್ಕ ಘಾಟಿಗೆ ನುಗ್ಗಿಬಿಡುತ್ತಾನೆ. ಟ್ರಿಪ್ ಲೆಕ್ಕದಲ್ಲಿ ಸಂಬಳ, ಕಟ್ಟಿಕೊಟ್ಟ ಡೀಸೆಲ್ ದುಡ್ಡು, ಮನೆಯಿಂದ ಬರುವ ಫೋನ್. ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ ಅಂತ 1961ರಲ್ಲೇ ಹೇಳಿತ್ತು. ಅದನ್ನು ಘಾಟಿಯಲ್ಲಿ ಯಾರಿಗೆ ತೋರಿಸುವುದು? ದಾರಿಯ ಆಯ್ಕೆ ಡ್ರೈವರ್‌ನದು ಅನ್ನುತ್ತೇವೆ. ಅವನ ಕೈಗೆ ಬರುವ ಹೊತ್ತಿಗೆ ಆ ಆಯ್ಕೆ ಮುಗಿದೇ ಹೋಗಿರುತ್ತದೆ.

ಆಡಳಿತದ ಆದೇಶಗಳ ಕಡೆ ಬರೋಣ. ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಸುರಕ್ಷತೆಗಾಗಿ ವಾಹನಗಳನ್ನು ನಿರ್ಬಂಧಿಸುವ ಅಧಿಕಾರ ಕೊಡುತ್ತದೆ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುವ ಪಟ್ಟಿ ನಮಗೆಲ್ಲ ಪರಿಚಿತ: ಬುಲೆಟ್ ಟ್ಯಾಂಕರ್, ಶಿಪ್ ಕಾರ್ಗೋ ಕಂಟೇನರ್, ಲಾಂಗ್ ಚಾಸಿಸ್ ವಾಹನ, ಮಲ್ಟಿ ಆಕ್ಸಲ್ ಟ್ರಕ್. ಗಾಡಿಯ ಜಾತಿ ಹೇಳುತ್ತಾರೆ, ಆದರೆ ಎರಡು ಮುಖ್ಯ ಪ್ರಶ್ನೆ ಕೇಳುವುದೇ ಇಲ್ಲ. ಗಾಡಿ ಹತ್ತುತ್ತಿದೆಯೋ, ಇಳಿಯುತ್ತಿದೆಯೋ? ಲೋಡ್ ಇದೆಯೋ, ಖಾಲಿಯೋ?

ಇದು ಸಣ್ಣ ವ್ಯತ್ಯಾಸ ಅಲ್ಲ. ಬಂದರಿನಿಂದ ರಸಗೊಬ್ಬರ, ಅಡುಗೆ ಎಣ್ಣೆ, ಅನಿಲ ಹೊತ್ತ ಗಾಡಿ ಲೋಡಿನೊಂದಿಗೆ ಹತ್ತುತ್ತದೆ. ಅದಕ್ಕೆ ಬೇಕಾದ್ದು ಇಂಜಿನ್ ಬಲ, ನಿಲ್ಲದೆ ಹತ್ತಲು ಖಾಲಿ ರಸ್ತೆ. ಏರಿನ ಮಧ್ಯೆ ನಿಂತರೆ ಮತ್ತೆ ಎತ್ತುವುದು ಕಷ್ಟ. ಹಿಂದೆಲ್ಲ ಕ್ಲೀನರ್ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಈಗ ಎಷ್ಟೋ ಗಾಡಿಗಳಲ್ಲಿ ಕ್ಲೀನರ್ ಇಲ್ಲ. (ಕೊಟ್ಟ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವುದು ಮಾತ್ರ ಹಾಗೇ ಉಳಿದಿದೆ. ಬೈಕಿನವರು ಅದಕ್ಕೆ ಬಿದ್ದು ಕೈಕಾಲು ಮುರಿದುಕೊಳ್ಳುತ್ತಾರೆ. ದಯವಿಟ್ಟು ಆ ಕಲ್ಲು ತೆಗೆದು ಹೋಗಿ.) ಗ್ರಾನೈಟ್ ಬ್ಲಾಕ್, ಕಾಫಿ ತುಂಬಿದ ಕಂಟೇನರ್ ಲೋಡಿನೊಂದಿಗೆ ಇಳಿಯುತ್ತವೆ. ಅವಕ್ಕೆ ಬೇಕಾದ್ದು ಬ್ರೇಕ್. ಖಾಲಿ ಟ್ರೇಲರ್‌ಗೆ ಎರಡೂ ಚಿಂತೆ ಇಲ್ಲ, ಆದರೆ ಉದ್ದ ಹಾಗೇ ಇರುತ್ತದೆ. ಗಾಳಿಯಂತ್ರದ ರೆಕ್ಕೆ ಹೊತ್ತ ಗಾಡಿಗೆ ತೂಕ ಲೆಕ್ಕವೇ ಅಲ್ಲ. 50 ಮೀಟರ್ ದಾಟಿದ ರೆಕ್ಕೆ ಯಾವ ಹೇರ್‌ಪಿನ್‌ನಲ್ಲಿ ತಿರುಗೀತು? ಅನಿಲದ ಟ್ಯಾಂಕರ್‌ಗೆ ಮತ್ತೊಂದು ಕಾಟ. ಒಳಗಿನ ದ್ರವ ತಿರುವಿನಲ್ಲಿ ಒಂದು ಬದಿಗೆ ನುಗ್ಗುತ್ತದೆ, ಭಾರ ಎತ್ತರದಲ್ಲಿರುತ್ತದೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಮತ್ತು ಮಾಣಿ ನಡುವಿನ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ, ರಸ್ತೆ ಬದಿಯ ಮನೆಗಳ ಜನರೂ ಸತ್ತರು. ಅದು ಘಾಟಿ ಇಳಿದ ಮೇಲಿನ ಜಾಗ. ಒಂದು ತಿರುವು ಸಾಕಾಯಿತು.

ತಮಿಳುನಾಡಿನ ಗಡಿಯಲ್ಲಿ ಸ್ವಲ್ಪ ಬೇರೆ ಪ್ರಯತ್ನ ನಡೆದಿದೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳು. ಕಾಡುಪ್ರಾಣಿಗಳ ಕಾರಣಕ್ಕೆ ಮದ್ರಾಸ್ ಹೈಕೋರ್ಟ್ 2022ರಲ್ಲಿ ರಾತ್ರಿ ಸಂಚಾರ ತಡೆಯಿತು, ಭಾರದ ಗಾಡಿಗಳಿಗೂ 16.2 ಟನ್ ಮಿತಿ ಬಂತು. ನಮ್ಮ ಕಡೆಯ ಕಬ್ಬಿನ ಲಾರಿ, ಕಲ್ಲಿನ ಲಾರಿಗಳಿಗೆ ಅದರಿಂದ ಕಷ್ಟವಾಯಿತು, ನಿಜ. ಆದರೂ ಅಲ್ಲಿ ಡ್ರೈವರ್‌ಗೆ ಉತ್ತರ ಸ್ಪಷ್ಟ: ತೂಕ ಇಷ್ಟು, ಸಮಯ ಇಷ್ಟು. ನಿನ್ನೆ ಬಿಟ್ಟರು, ಇವತ್ತು ತಡೆದರು ಅನ್ನುವ ಗೊಂದಲವಿಲ್ಲ.

ತೂಕದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಏರಿಸಿತು. ನಾಲ್ಕು ಟೈರಿನ ಒಂದು ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು. ಹತ್ತು ಚಕ್ರದ ಲಾರಿಯ ಒಟ್ಟು ತೂಕ 25 ಟನ್‌ನಿಂದ 28 ದಾಟಿತು, ದೊಡ್ಡ ಟ್ರೇಲರ್‌ಗಳದು 55ಕ್ಕೆ ಹೋಯಿತು. ಒಂದೂಕಾಲು ಟನ್ ಏನು ಮಹಾ ಅನ್ನಿಸಬಹುದು. ಆದರೆ ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ನಾಲ್ಕನೇ ಘಾತದಲ್ಲಿ ಏರುತ್ತದೆ ಅನ್ನುವುದು ಎಂಜಿನಿಯರ್‌ಗಳ ಹಳೆಯ ಲೆಕ್ಕ. ಆ ಲೆಕ್ಕದಲ್ಲಿ ಈ ಸಣ್ಣ ಏರಿಕೆಯಿಂದ ಹಾನಿ ನೂರಕ್ಕೆ 60ರಷ್ಟು ಹೆಚ್ಚುತ್ತದೆ. ಹೊಸ ಗಾಡಿಗಳ ಇಂಜಿನ್, ಚಾಸಿಸ್ ಬಲವಾಗಿವೆ. ಘಾಟಿಯ ಮೋರಿ, ತಡೆಗೋಡೆ, ತಿರುವು ಹಳೆಯವೇ. ಓವರ್‌ಲೋಡ್ ಮಾಡಿದರೆ 20,000 ರೂಪಾಯಿ, ಮೇಲಿನ ಪ್ರತಿ ಟನ್‌ಗೆ 2,000 ರೂಪಾಯಿ ದಂಡ ಅಂತ 2019ರಿಂದ ಕಾನೂನು ಇದೆ. ಘಾಟಿಯ ತಲೆಯಲ್ಲಿ ತೂಕ ನೋಡುವ ಯಂತ್ರವೇ ಇಲ್ಲದಿದ್ದರೆ ಆ ಕಾನೂನು ಕಾಗದದಲ್ಲೇ ಇರುತ್ತದೆ.

ಹಾಗಾದರೆ ಭಾರವನ್ನು ರಸ್ತೆಯಿಂದಲೇ ಇಳಿಸಬಹುದಲ್ವಾ? ಸ್ವಲ್ಪ ಮಟ್ಟಿಗೆ ಆಗಿದೆ. ಮಂಗಳೂರು–ಹಾಸನ–ಬೆಂಗಳೂರು ಕೊಳವೆಯಲ್ಲಿ 2003ರಿಂದ ಪೆಟ್ರೋಲ್, ಡೀಸೆಲ್ ಹರಿಯುತ್ತಿದೆ. ಅಡುಗೆ ಅನಿಲಕ್ಕೂ ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರಿಗೆ ಕೊಳವೆ ಬಂತು. ಆ ಕೊಳವೆಗಳು ಇಲ್ಲದಿದ್ದರೆ ಶಿರಾಡಿಯಲ್ಲಿ ಇನ್ನೆಷ್ಟು ಟ್ಯಾಂಕರ್ ಇರುತ್ತಿದ್ದವೋ! ಇಷ್ಟು ಒಳ್ಳೆಯ ಕೆಲಸದ ಬಗ್ಗೆ ನಾವು ಮಾತಾಡುವುದೇ ಕಡಿಮೆ. ರೈಲಿನ ಮಾತು ಕಷ್ಟ. ಸಕಲೇಶಪುರ–ಸುಬ್ರಹ್ಮಣ್ಯ ನಡುವೆ 55 ಕಿಲೋಮೀಟರ್, 57 ಸುರಂಗ, 50ಕ್ಕೆ 1ರ ಏರು. ಗೂಡ್ಸ್ ರೈಲನ್ನು ಹಿಂದಿನಿಂದಲೂ ಇಂಜಿನ್ ಹಾಕಿ ತಳ್ಳಬೇಕು. ಲಾರಿಯನ್ನೇ ರೈಲಿಗೆ ಹತ್ತಿಸುವ ರೋ-ರೋ ಸೇವೆ ಕೊಂಕಣ ರೈಲ್ವೆಯಲ್ಲಿ 1999ರಿಂದ ಇದೆ, ನಮ್ಮ ಸುರತ್ಕಲ್‌ವರೆಗೂ ಬರುತ್ತದೆ. ಘಾಟಿಯಲ್ಲೂ ಅದನ್ನು ಮಾಡಿ ಅನ್ನುವವರಿದ್ದಾರೆ. ಆದರೆ ಶಿರಾಡಿ ರಸ್ತೆಯೂ ಈ ಹಳಿಯೂ ಹೆಚ್ಚುಕಡಿಮೆ ಒಂದೇ ಬೆಟ್ಟಸಾಲು, ಒಂದೇ ಮಳೆಯ ಕೆಳಗಿವೆ. ರಸ್ತೆ ಕುಸಿದ ವಾರದಲ್ಲೇ ಹಳಿಯೂ ಕುಸಿಯಬಹುದು ಅಂತ 2024 ತೋರಿಸಿತು. ಸುರಂಗ ರಸ್ತೆಯ ಮಾತು ವರ್ಷಗಳಿಂದ ಕೇಳುತ್ತಿದ್ದೇವೆ. ಬಂದರೂ, ಜಗತ್ತಿನ ಎಷ್ಟೋ ಉದ್ದದ ಸುರಂಗಗಳಲ್ಲಿ ಅನಿಲ, ಪೆಟ್ರೋಲ್ ಟ್ಯಾಂಕರ್‌ಗಳಿಗೆ ಕಟ್ಟುಪಾಡು ಇದೆ. ಅವು ಹಳೆಯ ಘಾಟಿಯಲ್ಲೇ ಉಳಿದಾವು.

ಅಷ್ಟು ದೊಡ್ಡ ಯೋಜನೆಗೆ ಕಾಯುವ ಮುಂಚೆ ಆಗಬಹುದಾದ ಕೆಲಸ ಬಹಳ ಇದೆ. ಹಾಸನ, ಮೂಡಿಗೆರೆ, ಕುಶಾಲನಗರ, ಶಿವಮೊಗ್ಗದಲ್ಲಿ, ಅಂದರೆ ಇನ್ನೂ ದಾರಿ ಬದಲಿಸಲು ಸಾಧ್ಯವಿರುವ ಊರುಗಳಲ್ಲಿ, ಮುಂದಿನ ಘಾಟಿಯ ಪೂರ್ತಿ ವಿವರ ಬರೆದ ದೊಡ್ಡ ಬೋರ್ಡ್ ಬೇಕು: ಇಳಿಜಾರು ಎಷ್ಟು, ಅತಿ ಕಡಿದಾದ ಜಾಗ ಎಷ್ಟು ಉದ್ದ, ಅತಿ ಕಿರಿದಾದ ತಿರುವಿನಲ್ಲಿ ಎಷ್ಟು ಉದ್ದದ ಗಾಡಿ ಹಿಡಿಯುತ್ತದೆ, ಇವತ್ತು ತೆರೆದಿದೆಯೋ ಇಲ್ಲವೋ. ಘಾಟಿಯ ಬಾಯಲ್ಲಿ ‘ನಿಧಾನವಾಗಿ ಚಲಿಸಿ’ ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಮುಂದಿನ 8 ಕಿ.ಮೀ. ಇಳಿಜಾರು, 30 ಟನ್ ಮೇಲಿನ ಗಾಡಿ ಎರಡನೇ ಗೇರ್, 20 ಕಿ.ಮೀ. ವೇಗ’ ಅಂತ ಬರೆದರೆ ಹೊಸ ಡ್ರೈವರ್‌ಗೂ ತಿಳಿಯುತ್ತದೆ. ಕನ್ನಡದಲ್ಲಿ, ಜೊತೆಗೆ ತಮಿಳು, ಮಲಯಾಳ, ಹಿಂದಿಯಲ್ಲಿ ಬರೆಯಲಿ, ಯಾಕೆಂದರೆ ಶಿರಾಡಿ ಇಳಿಯುವವರಲ್ಲಿ ಎಲ್ಲ ರಾಜ್ಯದವರೂ ಇದ್ದಾರೆ. ರಸ್ತೆ ಮುಚ್ಚಿದ ದಿನ ಆ ಮಾರ್ಗದ ಇ-ವೇ ಬಿಲ್‌ಗಳ ಅವಧಿ ತಾನಾಗಿಯೇ ವಿಸ್ತರಣೆ ಆಗಲಿ. ಜಿಲ್ಲಾಡಳಿತಗಳ ಆದೇಶ ಒಂದೇ ಕಡೆ ಸಿಗಲಿ. ಹಾಸನದವರು ಬಿಟ್ಟದ್ದನ್ನು ದಕ್ಷಿಣ ಕನ್ನಡದವರು ತಡೆಯುವ ಸ್ಥಿತಿ ತಪ್ಪಲಿ.

ಇನ್ನೊಂದು ಕೆಲಸ ತೀರಾ ಚಿಕ್ಕದು. ಗುಂಡ್ಯದ ಹೋಟೆಲುಗಳ ಮುಂದೆ ಬೆಳಗಿನ ಜಾವ ನಿಂತು ನೋಡಿ. ಘಾಟಿ ಇಳಿದು ಬಂದ ಡ್ರೈವರ್ ಮೊದಲು ಚಹಾಕ್ಕೆ ಹೋಗುವುದಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬರುತ್ತಾನೆ. ಪ್ರತಿ ಚಕ್ರದ ಹತ್ತಿರ ಬಗ್ಗಿ, ಮುಟ್ಟದೆ, ಅಂಗೈ ಹಿಡಿದು ಶಾಖ ನೋಡುತ್ತಾನೆ. ಒಂದು ಡ್ರಮ್ ಸುಡುತ್ತಿದ್ದು ಪಕ್ಕದ್ದು ತಣ್ಣಗಿದ್ದರೆ, ತಣ್ಣಗಿರುವುದು ಕೆಲಸವನ್ನೇ ಮಾಡಿಲ್ಲ ಅಂತ ಅವನಿಗೆ ಅರ್ಥವಾಗುತ್ತದೆ. ಅದು ಗೊತ್ತಾಗುವುದು ಇಳಿದಾದ ಮೇಲೆ. ಮಾರನಹಳ್ಳಿಯ ಮೇಲ್ಗಡೆ, ಇಳಿಯುವ ಮೊದಲು, ಏರ್ ನೋಡಿ ಬ್ರೇಕ್ ಟೈಟ್ ಮಾಡಿಕೊಳ್ಳಲು ಒಂದು ಜಾಗ ಬೇಕು. ಘಾಟಿಯ ಅರ್ಧದಲ್ಲಿ, ಡ್ರಮ್ ಆರಿಸಿಕೊಳ್ಳಲು ಇನ್ನೊಂದು. ಹತ್ತು ಲಾರಿ ನಿಲ್ಲುವಷ್ಟು ಸಮತಟ್ಟು ನೆಲ, ಮೇಲೆ ಗುಡ್ಡ ಜರಿಯದಂತಹ ಕಡೆ, ಒಂದು ದೀಪ, ಕುಡಿಯಲು ನೀರು.